ಉಸ್ತಾದರ ಮದ್ರಸಾ: ಪಾಠಕ್ರಮಕ್ಕಿಂತ ಮೊದಲು ಶಿಕ್ಷಕ

ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಖೈದಿಗಳ ವಿಷಯವನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಬಿಡುಗಡೆಯ ಹಣ ಕೊಡಲು ಶಕ್ತಿಯಿಲ್ಲದ, ಆದರೆ ಓದು ಬರಹ ಬಲ್ಲ ಖೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆ ಎಂದು ಪ್ರವಾದಿವರ್ಯರು(ಸ) ನಿಶ್ಚಯಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ವಿದ್ಯೆಯ ಮಹತ್ವವನ್ನು ಹೇಳಲು ಈ ಘಟನೆಯನ್ನು ನಮ್ಮ ವೇದಿಕೆಗಳಲ್ಲಿ ಮತ್ತೆ ಮತ್ತೆ ಸ್ಮರಿಸಲಾಗುತ್ತದೆ. ಆದರೆ ಅದರಲ್ಲಿರುವ ಇನ್ನೊಂದು ಅಂಶದ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಅಲ್ಲಿ ಕಟ್ಟಡವಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ, ಇಲಾಖೆಯ ಸುತ್ತೋಲೆಯೂ ಇರಲಿಲ್ಲ. ಇದ್ದದ್ದು ಕಲಿಸಬಲ್ಲ ಒಬ್ಬ ಮನುಷ್ಯ ಮತ್ತು ಕಲಿಯುವ ಹತ್ತು ಮಕ್ಕಳು ಮಾತ್ರ. ಒಬ್ಬ ಶಿಕ್ಷಕನ ಬೆಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಸಮ ಎಂದು ಅಲ್ಲಿ ನಿರ್ಧಾರವಾಯಿತು.

ಪಾಠಕ್ರಮ ಮುಖ್ಯವೋ, ಶಿಕ್ಷಕ ಮುಖ್ಯವೋ ಎಂಬ ಪ್ರಶ್ನೆ ಇಂದಿಗೂ ಶಿಕ್ಷಣ ತಜ್ಞರ ಚರ್ಚೆಯಲ್ಲಿದೆ. ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಮಾತ್ರವಲ್ಲ, ತರಗತಿಯ ಕೋಣೆಯಲ್ಲೇ ಇಟ್ಟು ಪರೀಕ್ಷಿಸಿದ ಒಂದು ಸಂಸ್ಥೆಯಿದೆ. ಅದು ದಿಲ್ಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಆ ಪ್ರಯೋಗದ ಮುಂಚೂಣಿಯಲ್ಲಿದ್ದವರು ಡಾ. ಝಾಕಿರ್ ಹುಸೇನ್. ಅವರನ್ನು ನಾವು ಭಾರತದ ಪ್ರಥಮ ಮುಸ್ಲಿಮ್ ರಾಷ್ಟ್ರಪತಿ ಎಂದು ನೆನಪಿಟ್ಟಿದ್ದೇವೆ. ಅವರೊಬ್ಬ ಶಾಲಾ ಪಾಠಕ್ರಮದ ಶಿಲ್ಪಿ ಎಂಬುದನ್ನು ಬಹುತೇಕ ಮರೆತಿದ್ದೇವೆ.

ಹಿಂದಿನ ವ್ಯವಸ್ಥೆ

ಮುಸ್ಲಿಮರ ಶಿಕ್ಷಣ ಪರಂಪರೆಯಲ್ಲಿ ಪಾಠಕ್ರಮದ ಚಿಂತನೆ ಹೊಸತೇನಲ್ಲ. ಹನ್ನೊಂದನೇ ಶತಮಾನದ ಬಗ್ದಾದಿನಲ್ಲಿ ನಿಝಾಮುಲ್ ಮುಲ್ಕ್ ಸ್ಥಾಪಿಸಿದ ನಿಝಾಮಿಯಾ ಮದ್ರಸಾ ಲೋಕಪ್ರಸಿದ್ಧವಾಗಿತ್ತು. ನಮ್ಮದೇ ನಾಡಿನ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ದೂರ ದೂರದ ವಿದ್ವಾಂಸರನ್ನು ಸೆಳೆದಿತ್ತು. 1696ರ ಸ್ಫೋಟದಲ್ಲಿ ಒಂದು ಭಾಗ ಕುಸಿದರೂ, ಉಳಿದ ಗೋಡೆ ಮತ್ತು ಮಿನಾರ ಇಂದಿಗೂ ಆ ವೈಭವವನ್ನು ಸಾರುತ್ತಿವೆ. ಹದಿನೆಂಟನೇ ಶತಮಾನದಲ್ಲಿ ಲಕ್ನೋದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನರು ವ್ಯಾಕರಣ, ತರ್ಕ, ಗಣಿತ, ತತ್ವಶಾಸ್ತ್ರ, ಫಿಕ್‌ಹ್, ಹದೀಸ್, ತಫ್ಸೀರ್ ಮುಂತಾದ ವಿಷಯಗಳನ್ನು ಕ್ರಮಬದ್ಧಗೊಳಿಸಿದರು. ಅವರ ಹೆಸರಿನಿಂದಲೇ ಅದು 'ದರ್ಸೆ ನಿಝಾಮಿ' ಎನಿಸಿತು.

ಈ ವ್ಯವಸ್ಥೆಯಲ್ಲಿ ಗುರುವಿನಿಂದ ಗ್ರಂಥವನ್ನು ಓದಿ ಮುಗಿಸಿದ ಶಿಷ್ಯನಿಗೆ ಅದನ್ನು ಕಲಿಸುವ 'ಇಜಾಝತ್' ದೊರೆಯುತ್ತಿತ್ತು. ಅಂದರೆ ವಿಷಯವನ್ನು ಬಲ್ಲವನೇ ಅದನ್ನು ಕಲಿಸಬಲ್ಲವನು ಎಂಬ ನಂಬಿಕೆ. ಪ್ರೌಢ ವಿದ್ಯಾರ್ಥಿಗಳಿಗೆ ಇದು ಸಾಲುತ್ತಿತ್ತು. ಆದರೆ ಏಳು ವರ್ಷದ ಮಗುವಿನ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಏನನ್ನು ಮೊದಲು, ಏನನ್ನು ನಂತರ ಕಲಿಸಬೇಕು ಎಂಬುದಕ್ಕೆ ಪ್ರತ್ಯೇಕ ತರಬೇತಿ ಇರಲಿಲ್ಲ.

ಬ್ರಿಟಿಷರ ಕಾಲದಲ್ಲಿ 1854ರ ವುಡ್ ಅವರ ಶಿಕ್ಷಣ ಪತ್ರ ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳನ್ನು ತೆರೆಯಲು ಸೂಚಿಸಿತು. 1882ರ ಹಂಟರ್ ಆಯೋಗವೂ ಅದನ್ನೇ ಒತ್ತಿ ಹೇಳಿತು. ತರಬೇತಿ ಶಾಲೆಗಳು ಬಂದವು. ಆದರೆ ಅಲ್ಲಿ ತಯಾರಾದ ಶಿಕ್ಷಕರ ಕೆಲಸ ಇಲಾಖೆ ಕೊಟ್ಟ ಪುಸ್ತಕವನ್ನು ಇಲಾಖೆ ಹೇಳಿದ ರೀತಿಯಲ್ಲಿ ಮುಗಿಸಿ, ಇನ್‌ಸ್ಪೆಕ್ಟರರ ಭೇಟಿಗೆ ಮಕ್ಕಳನ್ನು ಸಿದ್ಧಗೊಳಿಸುವುದಾಗಿತ್ತು. 1875ರಲ್ಲಿ ಅಲೀಗಢದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಆರಂಭಿಸಿದ ವಿದ್ಯಾಸಂಸ್ಥೆ, 1886ರಲ್ಲಿ ಅವರು ಹುಟ್ಟುಹಾಕಿದ ಶಿಕ್ಷಣ ಸಮ್ಮೇಳನ, ಇವು ಸಮುದಾಯವನ್ನು ಆಧುನಿಕ ವಿದ್ಯೆಯತ್ತ ತಿರುಗಿಸಿದ ಮಹತ್ಕಾರ್ಯಗಳು. ಆದರೆ ಪ್ರಾಥಮಿಕ ಶಾಲೆಯ ಮಗು ಮತ್ತು ಅದರ ಶಿಕ್ಷಕ ಚಿಂತನೆಯ ಕೇಂದ್ರಕ್ಕೆ ಬರಲು ಇನ್ನೂ ಕೆಲವು ದಶಕಗಳು ಬೇಕಾದವು.

ಬಡತನದಲ್ಲಿ ಬೆಳೆದ ಜಾಮಿಯಾ

1920ರ ಅಕ್ಟೋಬರ್ 29ರಂದು ಅಸಹಕಾರ ಮತ್ತು ಖಿಲಾಫತ್ ಚಳವಳಿಯ ಕಾವಿನಲ್ಲಿ ಜಾಮಿಯಾ ಅಲೀಗಢದಲ್ಲಿ ಸ್ಥಾಪನೆಯಾಯಿತು. ಸರಕಾರದ ನೆರವನ್ನು ಸ್ವೀಕರಿಸದ ರಾಷ್ಟ್ರೀಯ ವಿದ್ಯಾಸಂಸ್ಥೆ ಅದು. 1925ರಲ್ಲಿ ಅದು ದಿಲ್ಲಿಯ ಕರೋಲ್‌ಬಾಗಿಗೆ ಸ್ಥಳಾಂತರವಾದಾಗ, ಇನ್ನು ಮುಚ್ಚಿಯೇ ಹೋಗುತ್ತದೆ ಎಂಬ ಸ್ಥಿತಿಯಿತ್ತು. ಆಗ ಜರ್ಮನಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ಮೂವರು ಯುವಕರು, ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್, ತಮ್ಮ ಬದುಕನ್ನು ಜಾಮಿಯಾಕ್ಕೆ ಮುಡಿಪಿಡಲು ನಿರ್ಧರಿಸಿ 1926ರಲ್ಲಿ ಮರಳಿದರು. ಬರ್ಲಿನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದ ಝಾಕಿರ್ ಹುಸೇನ್ ಸುಮಾರು ಇಪ್ಪತ್ತೊಂಬತ್ತರ ಹರೆಯದಲ್ಲೇ ಜಾಮಿಯಾದ ಕುಲಪತಿಯಾದರು.

1927ರ ಕೊನೆಯಲ್ಲಿ ಹಕೀಮ್ ಅಜ್ಮಲ್ ಖಾನರು ನಿಧನ ಹೊಂದಿದಾಗ ಸಂಸ್ಥೆಯ ಆದಾಯದ ಮುಖ್ಯ ಆಸರೆಯೇ ತಪ್ಪಿತು. ಆಗ ಅಲ್ಲಿನ ಶಿಕ್ಷಕರು ಮಾಡಿದ ಕೆಲಸ ನಮ್ಮ ಶಿಕ್ಷಣ ಚರಿತ್ರೆಯಲ್ಲಿ ಅಪೂರ್ವವಾದುದು. ಇಪ್ಪತ್ತು ವರ್ಷಗಳ ಕಾಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದೆ ಜಾಮಿಯಾದಲ್ಲೇ ದುಡಿಯುತ್ತೇವೆ ಎಂದು ಅವರು ಪ್ರತಿಜ್ಞೆ ಮಾಡಿದರು. ಅನೇಕ ಸಲ ಅವರು ಅದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಸಂಸಾರ ತೂಗಿಸಿದರು. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡುವ ದಿನ ಬಂತು. ಯಾವ ನಾಯಕರಿಂದ, ಯಾವ ನವಾಬರಿಂದ ಇಡಿಸಬೇಕು ಎಂದು ಅವರು ಹುಡುಕಲಿಲ್ಲ. ಶಾಲೆಯ ಅತಿ ಕಿರಿಯ ವಿದ್ಯಾರ್ಥಿಯ ಕೈಯಿಂದ ಅಡಿಗಲ್ಲು ಇಡಿಸಿದರು. ಶಾಲೆ ಯಾರಿಗಾಗಿ ಎಂಬುದರ ಬಗ್ಗೆ ಅಲ್ಲಿ ಗೊಂದಲವಿರಲಿಲ್ಲ.

ಜಾಮಿಯಾದ ಪ್ರಾಥಮಿಕ ಶಾಲೆಯೇ ಅಲ್ಲಿನ ಪ್ರಯೋಗಶಾಲೆಯಾಗಿತ್ತು. ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಶಿಕ್ಷಕರು ಅಲ್ಲಿ ಯೋಜನಾ ಪದ್ಧತಿಯನ್ನು ರೂಢಿಗೆ ತಂದರು. ಮಕ್ಕಳೇ ನಡೆಸುವ ಬ್ಯಾಂಕ್, ಮಕ್ಕಳೇ ನಡೆಸುವ ಅಂಗಡಿ ಅಲ್ಲಿದ್ದವು. ಬ್ಯಾಂಕಿನ ಲೆಕ್ಕ ಬರೆಯಬೇಕಾದ ಮಗುವಿಗೆ ಕೂಡುವುದು ಕಳೆಯುವುದು ಏಕೆ ಬೇಕೆಂದು ಬೇರೆ ಹೇಳಬೇಕಾಗಿರಲಿಲ್ಲ. ಅಂಗಡಿಗೆ ಸಾಮಾನು ತರಿಸುವ ಮಗು ಪತ್ರ ಬರೆಯಲು ತಾನಾಗಿ ಕಲಿಯುತ್ತಿತ್ತು. ಜರ್ಮನಿಯಿಂದ ಬಂದು ಜಾಮಿಯಾಕ್ಕೆ ತಮ್ಮನ್ನು ಸಮರ್ಪಿಸಿಕೊಂಡ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಎಳೆಯ ಮಕ್ಕಳ ವಿಭಾಗವನ್ನು ಬೆಳೆಸಿದರು. ಮಕ್ಕಳು ಅವರನ್ನು 'ಆಪಾ ಜಾನ್' ಎಂದು ಕರೆಯುತ್ತಿದ್ದರು. 1943ರಲ್ಲಿ ನಿಧನರಾದ ಅವರು ಜಾಮಿಯಾದ ಮಣ್ಣಿನಲ್ಲೇ ಮಲಗಿದ್ದಾರೆ.

ವಾರ್ಧಾ ಸಮ್ಮೇಳನ

1937ರಲ್ಲಿ ಪ್ರಾಂತ್ಯಗಳಲ್ಲಿ ಚುನಾಯಿತ ಸರಕಾರಗಳು ಬಂದವು. ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಬೇಕೆಂಬ ಒತ್ತಾಯ ಒಂದೆಡೆ, ಮದ್ಯಪಾನ ನಿಷೇಧಿಸಬೇಕೆಂಬ ಸಂಕಲ್ಪ ಇನ್ನೊಂದೆಡೆ. ಆದರೆ ಪ್ರಾಂತ್ಯಗಳ ಶಿಕ್ಷಣ ವೆಚ್ಚಕ್ಕೆ ಅಬಕಾರಿ ಆದಾಯವೇ ದೊಡ್ಡ ಆಧಾರವಾಗಿತ್ತು. ಹೆಂಡದ ಹಣದಿಂದ ಮಕ್ಕಳ ಶಾಲೆ ನಡೆಯುವುದು ಗಾಂಧೀಜಿಯವರಿಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಕೈಕಸುಬಿನ ಮೂಲಕವೇ ಶಿಕ್ಷಣ ಕೊಡೋಣ, ಮಕ್ಕಳ ಉತ್ಪಾದನೆಯಿಂದ ಶಿಕ್ಷಕರ ಸಂಬಳವನ್ನಾದರೂ ಹೊಂದಿಸೋಣ ಎಂಬ ವಿಚಾರವನ್ನು ಅವರು ದೇಶದ ಮುಂದಿಟ್ಟರು. ಅದನ್ನು ಚರ್ಚಿಸಲು 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸಮ್ಮೇಳನ ಸೇರಿತು. ಅಧ್ಯಕ್ಷರು ಗಾಂಧೀಜಿ.

ಗಾಂಧೀಜಿಯವರ ಮುಂದೆಯೇ ಎದ್ದು ನಿಂತು ಭಿನ್ನಾಭಿಪ್ರಾಯ ಹೇಳಿದವರಲ್ಲಿ ಝಾಕಿರ್ ಹುಸೇನ್ ಪ್ರಮುಖರು. ಕೆಲಸದ ಮೂಲಕ ಕಲಿಕೆ ಎಂಬ ತತ್ವ ಅವರಿಗೆ ಪ್ರಿಯವೇ ಆಗಿತ್ತು. ಜರ್ಮನಿಯ ಶಿಕ್ಷಣ ತಜ್ಞ ಕೆರ್ಶೆನ್‌ಸ್ಟೈನರರ ವಿಚಾರಗಳನ್ನು ಅವರು ಆಳವಾಗಿ ಅಭ್ಯಸಿಸಿದ್ದರು. ಆದರೆ ಇದು ಪೂರ್ತಿ ಹೊಸ ತತ್ವವೇನಲ್ಲ ಎಂದು ಅವರು ಮುಲಾಜಿಲ್ಲದೆ ಹೇಳಿದರು. ಶಾಲೆ ತನ್ನ ಖರ್ಚನ್ನು ತಾನೇ ದುಡಿಯಬೇಕೆಂಬುದಕ್ಕೆ ಹೆಚ್ಚು ಒತ್ತು ಕೊಟ್ಟರೆ ಶಿಕ್ಷಕರು ಬಡಮಕ್ಕಳ ಬೆವರು ಹಿಂಡುವ ದಣಿಗಳಾಗಿಬಿಡುವ ಅಪಾಯವಿದೆ ಎಂದು ಎಚ್ಚರಿಸಿದರು. ಗಾಂಧೀಜಿಯವರ ದೊಡ್ಡತನ ನೋಡಿ: ಯೋಜನೆಯನ್ನು ಟೀಕಿಸಿದ ಇದೇ ವ್ಯಕ್ತಿಯನ್ನು ಪಾಠಕ್ರಮ ರಚಿಸುವ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು.

ಸಮಿತಿಯಲ್ಲಿ ವಿನೋಬಾ ಭಾವೆ, ಕಾಕಾ ಕಾಲೇಲ್ಕರ್, ಜೆ.ಸಿ. ಕುಮಾರಪ್ಪ, ಕೆ.ಟಿ. ಷಾ, ಆರ್ಯನಾಯಕಂ, ಆಶಾದೇವಿ ಮುಂತಾದವರಿದ್ದರು. ಅಲೀಗಢದ ಟ್ರೈನಿಂಗ್ ಕಾಲೇಜಿನ ಖ್ವಾಜಾ ಗುಲಾಮ್ ಸಯ್ಯಿದೈನ್ ಕೂಡ ಇದ್ದರು. ಶಿಕ್ಷಕರ ತರಬೇತಿಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿದ್ದ ವಿದ್ವಾಂಸರು ಅವರು. ಸಮಿತಿ ಕೇವಲ ಆರು ವಾರಗಳೊಳಗೆ, 1937ರ ಡಿಸೆಂಬರ್ 2ರಂದು ವರದಿ ಸಲ್ಲಿಸಿತು. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ ಅದರ ತತ್ವವನ್ನು ಅಂಗೀಕರಿಸಿತು.

ಐದೂವರೆ ಗಂಟೆಯ ದಿನಚರಿ

ವರದಿಯ ಪ್ರಕಾರ 7ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಏಳು ವರ್ಷಗಳ ಕಡ್ಡಾಯ, ಉಚಿತ ಶಿಕ್ಷಣ, ಅದು ಮಾತೃಭಾಷೆಯಲ್ಲೇ. ಶಾಲೆಯ ದಿನ ಐದೂವರೆ ಗಂಟೆ. ಅದರಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ. ಸಂಗೀತ, ಚಿತ್ರಕಲೆ ಮತ್ತು ಗಣಿತಕ್ಕೆ ಒಟ್ಟು 40 ನಿಮಿಷ. ಮಾತೃಭಾಷೆಗೆ 40 ನಿಮಿಷ. ಸಮಾಜ ಪಾಠ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷ. ವ್ಯಾಯಾಮಕ್ಕೆ 10, ಬಿಡುವಿಗೆ 10 ನಿಮಿಷ. ಹಿಂದೂಸ್ತಾನಿಯನ್ನು ಉರ್ದು ಮತ್ತು ದೇವನಾಗರಿ ಎರಡೂ ಲಿಪಿಗಳೊಂದಿಗೆ ಕಲಿಸುವ ಸಲಹೆಯಿತ್ತು.

ಕಸುಬಿಗೆ ಇಷ್ಟೊಂದು ಸಮಯವೇ ಎಂದು ಅಂದೇ ಅನೇಕರು ಹುಬ್ಬೇರಿಸಿದರು. ಆದರೆ ಆ 3 ಗಂಟೆ 20 ನಿಮಿಷ ಬರೀ ರಾಟೆ ತಿರುಗಿಸಲು ಮೀಸಲಾದುದಲ್ಲ. ನೂಲುವಾಗ ಎಳೆಗಳ ಎಣಿಕೆಯಿಂದ ಗಣಿತ, ಹತ್ತಿಯ ಗಿಡದಿಂದ ಸಸ್ಯಶಾಸ್ತ್ರ, ಹತ್ತಿ ಬೆಳೆಯುವ ನಾಡುಗಳಿಂದ ಭೂಗೋಳ, ಬಟ್ಟೆ ವ್ಯಾಪಾರದ ಕಥೆಯಿಂದ ಚರಿತ್ರೆ, ಹೀಗೆ ಒಂದರಿಂದ ಇನ್ನೊಂದು ಹೊರಡಬೇಕಿತ್ತು. ಇದನ್ನು ಅವರು ಸಮನ್ವಯ ಎಂದರು. ಹೇಳುವುದು ಸುಲಭ, ಮಾಡುವುದು ಬಹಳ ಕಷ್ಟ. ಹತ್ತಿಯ ಎಳೆಯಿಂದ ಇತಿಹಾಸದವರೆಗೆ ಮಗುವನ್ನು ನಡೆಸಿಕೊಂಡು ಹೋಗುವ ಶಿಕ್ಷಕನಿಗೆ ಕಸುಬೂ ಗೊತ್ತಿರಬೇಕು, ವಿಷಯವೂ ಗೊತ್ತಿರಬೇಕು, ಮಗುವೂ ಗೊತ್ತಿರಬೇಕು.

ಇದನ್ನರಿತೇ ಸಮಿತಿ ಶಿಕ್ಷಕರ ತರಬೇತಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿತು. ಪೂರ್ಣ ತರಬೇತಿಗೆ ಮೂರು ವರ್ಷ ಎಂದಿತು. ತುರ್ತಿನ ದೃಷ್ಟಿಯಿಂದ ಒಂದು ವರ್ಷದ ಸಂಕ್ಷಿಪ್ತ ತರಬೇತಿಗೂ ಅವಕಾಶ ಕೊಟ್ಟಿತು. ಒಬ್ಬ ಶಿಕ್ಷಕನಿಗೆ 30ಕ್ಕಿಂತ ಹೆಚ್ಚು ಮಕ್ಕಳನ್ನು ಕೊಡಬಾರದು, ಸಂಬಳ ಸಾಧ್ಯವಾದರೆ ತಿಂಗಳಿಗೆ 25 ರೂಪಾಯಿ, 20ಕ್ಕಿಂತ ಕಡಿಮೆಯಂತೂ ಬೇಡ ಎಂದಿತು. ಆರ್ಥಿಕ ಲಾಭದ ಆಸೆಯಲ್ಲಿ ಶಿಕ್ಷಣದ ಧ್ಯೇಯವನ್ನು ಬಲಿಕೊಡುವ ಅಪಾಯದ ಕುರಿತು ವರದಿಯೊಳಗೇ ಎಚ್ಚರಿಕೆಯ ಮಾತನ್ನು ಸೇರಿಸಿತು. ವಾರ್ಧಾ ಸಭೆಯಲ್ಲಿ ಝಾಕಿರ್ ಹುಸೇನ್ ಆಡಿದ ಆಕ್ಷೇಪ ಹೀಗೆ ಯೋಜನೆಯ ಅಂಗವೇ ಆಯಿತು.

ಉಸ್ತಾದರ ಮದ್ರಸಾ

1938ರಲ್ಲಿ ಜಾಮಿಯಾದಲ್ಲಿ 'ಉಸ್ತಾದೋಂ ಕಾ ಮದ್ರಸಾ', ಅಂದರೆ ಶಿಕ್ಷಕರ ಶಾಲೆ, ಆರಂಭವಾಯಿತು. ಹೆಸರೇ ಅರ್ಥಪೂರ್ಣ. ಕಲಿಸುವವನೂ ವಿದ್ಯಾರ್ಥಿಯೇ, ಅವನಿಗೂ ಒಂದು ಮದ್ರಸಾ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಹೊಸ ಮೂಲ ಶಿಕ್ಷಣದ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಪಕ್ಕದಲ್ಲೇ ಇದ್ದ ಪ್ರಾಥಮಿಕ ಶಾಲೆಯಲ್ಲಿ ಹನ್ನೆರಡು ವರ್ಷಗಳಿಂದ ನಡೆದಿದ್ದ ಪ್ರಯೋಗಗಳ ಅನುಭವ ಅದಕ್ಕೆ ಬಂಡವಾಳವಾಗಿ ಒದಗಿತು.

ಇದೇ ಸಮಯದಲ್ಲಿ ಮುಂಬಯಿ, ಬಿಹಾರ, ಸಂಯುಕ್ತ ಪ್ರಾಂತ್ಯ, ಮಧ್ಯ ಪ್ರಾಂತ್ಯ, ಒರಿಸ್ಸಾಗಳಲ್ಲೂ ಮೂಲ ಶಿಕ್ಷಣ ಆರಂಭವಾಯಿತು. ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಸರಕಾರ ಆರಿಸಿದ ಪ್ರಯೋಗ ಪ್ರದೇಶಗಳಲ್ಲಿ ಕನ್ನಡ ಭಾಗದ ಧಾರವಾಡವೂ ಒಂದಾಗಿತ್ತು. ಆದರೆ 1939ರ ಕೊನೆಯಲ್ಲಿ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ಕೊಟ್ಟ ಬಳಿಕ ಉತ್ಸಾಹ ತಣ್ಣಗಾಯಿತು. 1941ರಲ್ಲಿ ಒರಿಸ್ಸಾ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷದ ಎಪ್ರಿಲ್‌ನಲ್ಲಿ ಮೂಲ ಶಿಕ್ಷಣದ ಎರಡನೇ ಸಮ್ಮೇಳನಕ್ಕೆ ಆಶ್ರಯ ನೀಡಿದ್ದು ಜಾಮಿಯಾ.

ಸಮುದಾಯದ ಆತಂಕ

ಈ ಯೋಜನೆಯನ್ನು ಮುಸ್ಲಿಮ್ ಸಮುದಾಯ ಕಣ್ಣುಮುಚ್ಚಿ ಸ್ವಾಗತಿಸಿತು ಎಂದರೆ ಅದು ಚರಿತ್ರೆಗೆ ಅಪಚಾರವಾದೀತು. ವಾಸ್ತವದಲ್ಲಿ ತೀವ್ರ ವಿರೋಧವಿತ್ತು. ಪಾಠಕ್ರಮದಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಸ್ಥಾನವಿಲ್ಲ ಎಂಬುದು ಮೊದಲ ದೂರು. ಒಂದು ನಿರ್ದಿಷ್ಟ ರಾಜಕೀಯ ಚಿಂತನೆಯನ್ನು ಎಳೆಯ ಮನಸ್ಸುಗಳಲ್ಲಿ ಬಿತ್ತಲಾಗುತ್ತದೆ ಎಂಬುದು ಎರಡನೆಯದು. ಮಧ್ಯ ಪ್ರಾಂತ್ಯದಲ್ಲಿ ಶಾಲೆಗಳಿಗೆ 'ವಿದ್ಯಾಮಂದಿರ' ಎಂದು ಹೆಸರಿಟ್ಟದ್ದು ಬೆಂಕಿಗೆ ತುಪ್ಪ ಸುರಿಯಿತು. ಮುಸ್ಲಿಮ್ ಲೀಗ್ 1938ರಲ್ಲಿ ಹೊರತಂದ ಪೀರ್‌ಪುರ್ ವರದಿ ಈ ದೂರುಗಳನ್ನು ಪಟ್ಟಿ ಮಾಡಿತು. ನಂತರ ಕಮಾಲ್ ಯಾರ್ ಜಂಗ್ ಸಮಿತಿಯೂ ವಾರ್ಧಾ ಯೋಜನೆಯನ್ನು ಕಟುವಾಗಿ ವಿಮರ್ಶಿಸಿತು.

ಝಾಕಿರ್ ಹುಸೇನ್ ಎರಡು ಬೆಂಕಿಗಳ ನಡುವೆ ನಿಂತರು. ತಮ್ಮವರಿಂದಲೇ ಕಾಂಗ್ರೆಸ್ಸಿನ ಬಾಲಬಡುಕ ಎಂಬ ಮಾತು ಕೇಳಬೇಕಾಯಿತು. ಆದರೆ ಅವರು ವಿರೋಧಿಗಳನ್ನು ಬೈಯುತ್ತಾ ಕೂರಲಿಲ್ಲ. ಜಾಮಿಯಾದೊಳಗೆ ಇಸ್ಲಾಮಿನ ಶಿಕ್ಷಣ, ಮಾತೃಭಾಷೆಯ ಶಿಕ್ಷಣ ಮತ್ತು ಕೈಕೆಲಸದ ಶಿಕ್ಷಣ ಒಂದಕ್ಕೊಂದು ಶತ್ರುಗಳಲ್ಲ ಎಂಬುದನ್ನು ಮಾಡಿ ತೋರಿಸಿದರು. ಆತಂಕದಲ್ಲಿ ಒಂದಿಷ್ಟು ಸತ್ಯವೂ ಇತ್ತೆಂಬುದನ್ನು ಇಂದು ನಾವು ಒಪ್ಪಬಹುದು. ಯಾವುದೇ ಪಾಠಕ್ರಮ ಎಲ್ಲ ಸಮುದಾಯಗಳ ಮಕ್ಕಳಿಗೂ ತಮ್ಮದೆನಿಸಬೇಕು. ಹೆಸರು, ಹಾಡು, ಚಿತ್ರ, ಕಥೆಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಆದರೆ ವಿರೋಧಿಸುವುದರಲ್ಲಿ ಖರ್ಚಾದ ಶಕ್ತಿಯ ಒಂದು ಪಾಲಾದರೂ ನಮ್ಮದೇ ಶಿಕ್ಷಕರನ್ನು ತಯಾರಿಸುವುದರಲ್ಲಿ ಖರ್ಚಾಗಿದ್ದರೆ ಸಮುದಾಯಕ್ಕೆ ಎಷ್ಟು ಲಾಭವಾಗುತ್ತಿತ್ತು ಎಂಬುದೂ ಯೋಚಿಸಬೇಕಾದ ವಿಷಯ.

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ ನಡೆದಾಗ ದೇಶ ಹೊತ್ತಿ ಉರಿಯುತ್ತಿತ್ತು. ಜವಾಹರಲಾಲ್ ನೆಹರೂ, ಮೌಲಾನಾ ಆಝಾದ್, ಮುಹಮ್ಮದಲಿ ಜಿನ್ನಾ ಮತ್ತು ಲಿಯಾಕತ್ ಅಲಿ ಖಾನ್ ಒಂದೇ ವೇದಿಕೆಯಲ್ಲಿ ಕುಳಿತದ್ದು ಒಬ್ಬ ಶಿಕ್ಷಕನ ಕರೆಗೆ ಓಗೊಟ್ಟು. ಹರಡುತ್ತಿರುವ ದ್ವೇಷದ ಬೆಂಕಿಯನ್ನು ದಯವಿಟ್ಟು ಆರಿಸಿ ಎಂದು ಅವರೆಲ್ಲರ ಮುಂದೆ ಝಾಕಿರ್ ಹುಸೇನ್ ಅಂಗಲಾಚಿದರು. ಮುಂದಿನ ವರ್ಷ ಕರೋಲ್‌ಬಾಗಿನಲ್ಲಿದ್ದ ಜಾಮಿಯಾದ ಪುಸ್ತಕ ಮಳಿಗೆಯೇ ಗಲಭೆಯಲ್ಲಿ ಬೂದಿಯಾಯಿತು. ಶಿಕ್ಷಕರ ಶಾಲೆ ಮಾತ್ರ ಮುಚ್ಚಲಿಲ್ಲ.

ಎಲ್ಲಿ ಎಡವಿತು?

ಸ್ವಾತಂತ್ರ್ಯಾನಂತರ ಮೂಲ ಶಿಕ್ಷಣ ಸರಕಾರದ ಅಧಿಕೃತ ನೀತಿಯಾಯಿತು. ಸಾವಿರಾರು ಶಾಲೆಗಳ ಫಲಕ ಬದಲಾಯಿತು. ಆದರೆ 1955-56ರಲ್ಲಿ ಜಿ. ರಾಮಚಂದ್ರನ್ ಅಧ್ಯಕ್ಷತೆಯ ಮೌಲ್ಯಮಾಪನ ಸಮಿತಿ ಪರಿಶೀಲಿಸಿದಾಗ ಘೋಷಣೆಗೂ ಆಚರಣೆಗೂ ದೊಡ್ಡ ಅಂತರ ಕಂಡುಬಂತು. ಮೂರು ವರ್ಷದ ತರಬೇತಿಯ ಜಾಗದಲ್ಲಿ ತರಾತುರಿಯ ತರಬೇತಿ ಬಂದಿತ್ತು. ಸಮನ್ವಯ ತಿಳಿಯದ ಶಿಕ್ಷಕನ ಕೈಯಲ್ಲಿ ರಾಟೆ ಒಂದು ಮೂಲೆಯಲ್ಲಿ, ಪುಸ್ತಕ ಇನ್ನೊಂದು ಮೂಲೆಯಲ್ಲಿ ಉಳಿಯಿತು. ಪರೀಕ್ಷೆಯಂತೂ ಹಳೆಯದೇ. ಪೇಟೆಯ ಮಕ್ಕಳಿಗೆ ಇಂಗ್ಲಿಷ್ ಶಾಲೆ, ಹಳ್ಳಿಯ ಮಕ್ಕಳಿಗೆ ರಾಟೆ ಎಂಬ ಭಾವನೆ ಬಂದ ಮೇಲೆ ಪೋಷಕರೂ ದೂರ ಸರಿದರು.

ಪಾಠಕ್ರಮದ ಜೊತೆಗೆ ಸಂಶೋಧನೆಯೂ ಬೇಕೆಂಬ ಅರಿವು ಈ ಸೋಲಿನಿಂದ ಬಲವಾಯಿತು. 1956ರಲ್ಲಿ ರಾಷ್ಟ್ರೀಯ ಮೂಲ ಶಿಕ್ಷಣ ಸಂಸ್ಥೆ ಆರಂಭವಾಯಿತು. 1961ರ ಸೆಪ್ಟೆಂಬರ್ 1ರಂದು ಅದೂ ಸೇರಿದಂತೆ ಏಳು ಸಂಸ್ಥೆಗಳು ಒಂದಾಗಿ ಎನ್.ಸಿ.ಇ.ಆರ್.ಟಿ. ರೂಪುಗೊಂಡಿತು. ಅದರ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ನಮ್ಮ ಮೈಸೂರಿನಲ್ಲಿ ತೆರೆಯಿತು. ಬರೋಡಾದ ಎಂ.ಬಿ. ಬುಚ್ ಅವರು ದೇಶದ ಶಿಕ್ಷಣ ಸಂಶೋಧನೆಗಳನ್ನೆಲ್ಲ ಕಲೆಹಾಕಿ 1974ರಲ್ಲಿ ಮೊದಲ ಸಮೀಕ್ಷೆ ಪ್ರಕಟಿಸಿದರು. ವಾರ್ಧಾ ಸಮಿತಿಯ ಸದಸ್ಯರಾಗಿದ್ದ ಸಯ್ಯಿದೈನ್ 1964-66ರ ಕೊಠಾರಿ ಆಯೋಗದಲ್ಲೂ ಸದಸ್ಯರಾಗಿದ್ದರು. ಆಯೋಗ ಹೇಳಿದ 'ಕಾರ್ಯಾನುಭವ' ಹಳೆಯ ತತ್ವದ ಹೊಸ ರೂಪವೇ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೆಲಸ ಮತ್ತು ಶಿಕ್ಷಣವನ್ನು ಬೆಸೆಯಬೇಕೆಂದಿತು. 2020ರ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಹತ್ತು ಚೀಲರಹಿತ ದಿನಗಳನ್ನು ಸೂಚಿಸಿತು. ಮಾತು ಹಳೆಯದು, ಅದನ್ನು ನಡೆಸುವ ಶಿಕ್ಷಕನ ಪ್ರಶ್ನೆಯೂ ಅಷ್ಟೇ ಹಳೆಯದು.

ನಮಗೇನು ಪಾಠ?

ಕರ್ನಾಟಕದ ಮುಸ್ಲಿಮರು ಶಿಕ್ಷಣಕ್ಕಾಗಿ ಮಾಡಿದ ಪ್ರಯತ್ನ ಕಡಿಮೆಯದ್ದಲ್ಲ. 1919ರಲ್ಲಿ ಭಟ್ಕಳದ ಅಂಜುಮನ್, 1966ರಲ್ಲಿ ಬೆಂಗಳೂರಿನ ಅಲ್-ಅಮೀನ್, ಹೀಗೆ ಊರೂರಿನಲ್ಲಿ ಹಿರಿಯರು ಬೆವರು ಸುರಿಸಿದ್ದಾರೆ. ಆದರೂ 2006ರ ಸಾಚಾರ್ ಸಮಿತಿ ವರದಿ, 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇ. 59.1, ದೇಶದ ಸರಾಸರಿ ಶೇ. 65.1 ಎಂದು ನಮ್ಮ ಮುಖಕ್ಕೆ ಕನ್ನಡಿ ಹಿಡಿಯಿತು. ಆ ಕನ್ನಡಿ ನೋಡಿದ ಬಳಿಕ ಅನೇಕ ಕಡೆ ಹೊಸ ಶಾಲೆಗಳು ಎದ್ದವು. ಆದರೆ ಶಾಲೆಯೊಂದನ್ನು ತೆರೆಯುವಾಗ ಜಮೀನು, ಕಟ್ಟಡ, ಬಸ್ಸು, ಸಮವಸ್ತ್ರಗಳ ಬಗ್ಗೆ ಹತ್ತು ಸಭೆ ನಡೆಸುವ ನಾವು ಶಿಕ್ಷಕರ ತರಬೇತಿಯ ಬಗ್ಗೆ ಒಂದು ಸಭೆಯನ್ನಾದರೂ ನಡೆಸುತ್ತೇವೆಯೇ? ಪದವಿ ಮುಗಿಸಿ ಮದುವೆಯವರೆಗೆ ಅಥವಾ ಬೇರೆ ಕೆಲಸ ಸಿಗುವವರೆಗೆ ಎಂದು ಬರುವ ಯುವಕ ಯುವತಿಯರಿಗೆ ಅಲ್ಪ ಸಂಬಳ ಕೊಟ್ಟು ತರಗತಿ ಒಪ್ಪಿಸಿದರೆ, ಪಾಠಕ್ರಮ ಎಷ್ಟೇ ಉತ್ತಮವಾಗಿದ್ದರೂ ಅದು ಕಪಾಟಿನಲ್ಲೇ ಉಳಿಯುತ್ತದೆ.

ಜಾಮಿಯಾದ ಶಿಕ್ಷಕರ ತ್ಯಾಗವನ್ನು ಹೊಗಳಿ, ಅದೇ ನೆಪದಲ್ಲಿ ನಮ್ಮ ಶಿಕ್ಷಕರಿಗೆ ಕಡಿಮೆ ಸಂಬಳ ಕೊಡುವುದು ನ್ಯಾಯವಲ್ಲ. ಅವರ ತ್ಯಾಗ ಅವರೇ ಕೂಡಿ ತೀರ್ಮಾನಿಸಿದ್ದು, ಆಡಳಿತ ಮಂಡಳಿ ಅವರ ಮೇಲೆ ಹೇರಿದ್ದಲ್ಲ. ಅವರಿಗೆ ಪ್ರಯೋಗ ಮಾಡುವ ಸ್ವಾತಂತ್ರ್ಯವಿತ್ತು, ಸಂಸ್ಥೆಯನ್ನು ನಡೆಸುವುದರಲ್ಲಿ ಪಾಲಿತ್ತು. ಈ ಎರಡನ್ನೂ ಕೊಡದೆ ತ್ಯಾಗವನ್ನು ಮಾತ್ರ ಕೇಳುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಡಿ.ಎಲ್.ಎಡ್., ಬಿ.ಎಡ್. ಓದುವ ಬಡ ವಿದ್ಯಾರ್ಥಿಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಡುವಷ್ಟೇ ಗೌರವದಿಂದ ವಿದ್ಯಾರ್ಥಿವೇತನ ಕೊಡೋಣ. ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಗಳ ಶಿಕ್ಷಕರು ಒಟ್ಟಿಗೆ ಸೇರಿ ತಮ್ಮ ತರಗತಿಯ ಅನುಭವಗಳನ್ನು ಬರೆದು, ಓದಿ, ಚರ್ಚಿಸುವ ಏರ್ಪಾಡು ಮಾಡೋಣ. ಸಂಶೋಧನೆ ಎಂದರೆ ವಿಶ್ವವಿದ್ಯಾನಿಲಯದ ಮಹಾಪ್ರಬಂಧ ಮಾತ್ರವಲ್ಲ. ಒಂದು ಮಗು ಭಾಗಾಕಾರದಲ್ಲಿ ಏಕೆ ಎಡವುತ್ತದೆ ಎಂದು ಒಂದು ವರ್ಷ ತಾಳ್ಮೆಯಿಂದ ಗಮನಿಸಿ ಬರೆದಿಡುವುದೂ ಸಂಶೋಧನೆಯೇ. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ ಆಡುವ ಮಗು ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿಯುವಾಗ ಪಡುವ ಕಷ್ಟವನ್ನು ನಮ್ಮ ಶಿಕ್ಷಕರಲ್ಲದೆ ಬೇರೆ ಯಾರು ಗಮನಿಸಿ ಬರೆದಾರು?

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಪ್ರತಿಭಾವಂತರು ಡಾಕ್ಟರಾಗಿ, ಇಂಜಿನಿಯರಾಗಿ, ಅಧಿಕಾರಿಗಳಾಗಿ. ಸಮುದಾಯಕ್ಕೂ ದೇಶಕ್ಕೂ ಅವರೆಲ್ಲ ಬೇಕು. ಆದರೆ ಬರ್ಲಿನ್ನಿನ ಡಾಕ್ಟರೇಟ್ ಕೈಯಲ್ಲಿ ಹಿಡಿದು, ಮುಚ್ಚುವ ಹಂತದಲ್ಲಿದ್ದ ಶಾಲೆಯೊಂದಕ್ಕೆ ಹುಡುಕಿಕೊಂಡು ಬಂದ ಯುವಕನನ್ನೂ ನೆನಪಿಡಿ. 1967ರಲ್ಲಿ ಅವರು ರಾಷ್ಟ್ರಪತಿಯಾದರು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರ ದಫನಕ್ಕೆ ಆರಿಸಿದ ಜಾಗ ಜಾಮಿಯಾದ ಆವರಣ. ತಾವು ಕಲಿಸಿದ, ತಾವು ಕಲಿತ ಆ ಮದ್ರಸಾದ ನೆರಳಿನಲ್ಲೇ ಅವರು ವಿಶ್ರಮಿಸುತ್ತಿದ್ದಾರೆ. ಅಂತಹ ಉಸ್ತಾದರು ನಮ್ಮ ನಡುವಿನಿಂದಲೂ ಬರಲಿ ಎಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಅವರನ್ನು ತಯಾರಿಸುವ ಹೊಣೆಯನ್ನೂ ಹೊರೋಣ.